ಎಡಕ್ಕೆ ಲೋಕ, ಬಲಕ್ಕೆ ಮೋಜು

೧೨ ಸೆಪ್ಟೆಂಬರ್ ೨೦೧೬

ಅಣ್ಣಾ,

ನಿನ್ನ ಕಣ್ಣೀರನ್ನು ಕದ್ದು ಬೇರೆಯವರ ಹೆಸರಿಗೆ ಬರೆದಿದ್ದಾರೆ. ಇದು ಕಳ್ಳತನ. ಇದಕ್ಕೆ ಮೆತ್ತಗಿನ ಮಾತು ನನ್ನ ಹತ್ತಿರ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮುದ್ರಣಾಲಯ ಪ್ರತಿ ಡಿಸೆಂಬರಿಗೆ ತರುವ ವರ್ಷದ ಚಿತ್ರಪುಸ್ತಕ ನಿನಗೆ ಗೊತ್ತಲ್ಲ, ಬಾಗಿಲು ಬಡಿಯದಿರಲಿ ಎಂದು ನೀನು ಒತ್ತು ಕೊಟ್ಟಿರುವ ಆ ಇಟ್ಟಿಗೆ. ವಾರಕ್ಕೆ ಎರಡು ಪುಟ. ಎಡಪುಟದಲ್ಲಿ ಯುದ್ಧ, ಚುನಾವಣೆ, ಭೂಕಂಪ. ಬಲಪುಟದಲ್ಲಿ ಹಾಡು, ಸಿನಿಮಾ, ಆಟ. ಇಲ್ಲಿ ಇದನ್ನು ‘ಎಡಕ್ಕೆ ಲೋಕ, ಬಲಕ್ಕೆ ಮೋಜು’ ಎನ್ನುತ್ತಾರೆ. ಬಂದ ಚಿತ್ರಗಳನ್ನು ವಾರವಾರಕ್ಕೆ ಬೇರೆ ಮಾಡಿ, ಪ್ರತಿಯೊಂದರ ಕೆಳಗೆ ಒಂದು ಸಾಲು ಬರೆಯುವುದು ನನ್ನ ಕೆಲಸ. ನಮ್ಮ ಸಂಪಾದಕರು ಕಂಪ್ಯೂಟರ್ ಪರದೆಯನ್ನು ನಂಬುವವರಲ್ಲ. ಎಲ್ಲ ಚಿತ್ರವನ್ನೂ ಕಾಗದದ ಮೇಲೆ ತೆಗೆಸಿ, ವಾರಕ್ಕೊಂದು ಹಗ್ಗ ಕಟ್ಟಿಸಿ, ಬಟ್ಟೆ ಒಣಹಾಕಿದ ಹಾಗೆ ತೂಗುಹಾಕಿಸುತ್ತಾರೆ. ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು ಇದ್ದರೆ ಮುಗಿಯಿತು. ಎಲ್ಲಿ, ಯಾರು, ಯಾಕೆ ಎಂದು ಅವರು ಕೇಳುವುದಿಲ್ಲ. ಅದಕ್ಕೇ ನಾವು ಅವರನ್ನು ತಾರೀಖಪ್ಪ ಎನ್ನುವುದು. ಬೆನ್ನ ಹಿಂದೆ.

ಇವತ್ತು ಬೆಳಿಗ್ಗೆ ಇಪ್ಪತ್ತೈದನೆಯ ವಾರದ ಹಗ್ಗದಲ್ಲಿ, ಬಲಗಡೆಯ ಕೊನೆಗೆ, ನೀನು ತೂಗಾಡುತ್ತಿದ್ದೆ.

ಚಿತ್ರದಲ್ಲಿ ನೂರಾರು ಜನ. ಮುಂದಿನ ಸಾಲಿನಲ್ಲಿ ಕೆಲಸದ ನೀಲಿ ಕೋಟು ಹಾಕಿದ ಒಬ್ಬ ಗಂಡಸು ಬಾಯಿ ತೆರೆದು ಅಳುತ್ತಿದ್ದಾನೆ. ಹುಬ್ಬಿನ ಮೇಲೆ ಹತ್ತಿಯ ಎಳೆ. ಭೂತಗನ್ನಡಿ ಹಿಡಿದೆ. ಕೋಟಿನ ಮೂರನೆಯ ಗುಂಡಿ ಗುಂಡಿಯೇ ಅಲ್ಲ, ಕರಡಿ ಬೊಂಬೆಯ ಕಣ್ಣು! ಗುಂಡಿ ಬಿದ್ದುಹೋದರೆ ಬೊಂಬೆಯ ಕಣ್ಣು ಹೊಲಿದುಕೊಳ್ಳುವವನು ಈ ಭೂಮಿಯ ಮೇಲೆ ನನ್ನ ಅಣ್ಣ ಒಬ್ಬನೇ. ಚಿತ್ರದ ಜೊತೆಗೇ ಬಂದ ಅಡಿಬರಹ ಏನು ಗೊತ್ತೇ? ‘ಮೆಚ್ಚಿನ ಹಾಡುಗಾರನ ಸಾವಿಗೆ ಅಭಿಮಾನಿಗಳ ಕಂಬನಿ.’

ಬೆನ್ನಿಗೆ ಇರುವ ತಾರೀಖು ಜೂನ್ ಇಪ್ಪತ್ತಮೂರು. ಅವತ್ತು ನೀವು ಎಲ್ಲಿದ್ದಿರಿ ಎಂದು ನೀನೇ ಬರೆದಿದ್ದೆ. ಗಾಳಿಗೆ ಹತ್ತಿ ಹಾರುತ್ತದೆ ಎಂದು ನಿಮ್ಮ ಬೊಂಬೆ ಕಾರ್ಖಾನೆಯವರು ಕಿಟಕಿಗಳಿಗೆಲ್ಲ ಮೊಳೆ ಹೊಡೆದರು. ಒಳಗೆ ಕೆಮ್ಮಿ ಕೆಮ್ಮಿ ಸಾಕಾಗಿ ನೀವೆಲ್ಲ ದೊಡ್ಡ ಬಾಗಿಲ ಮುಂದೆ ಕೂತಿರಿ. ನಾಲ್ಕನೆಯ ದಿನ ಮಧ್ಯಾಹ್ನ, ಕೂತೇ ಇರುವುದೋ ಏಳುವುದೋ ಎಂದು ಕೈ ಎತ್ತಿಸಿ ಎಣಿಸಿದರು. ಮೂರು ಕೈ ಕಡಿಮೆಯಾಗಿ ಸೋತಿರಿ, ಎದ್ದು ಒಳಗೆ ಹೋದಿರಿ. ಕಿಟಕಿ ಇನ್ನೂ ಮುಚ್ಚಿಯೇ ಇದೆ. ಆ ಸೋಲಿನ ಕಣ್ಣೀರನ್ನು ತಂದು ಒಬ್ಬ ಹಾಡುಗಾರನ ಪಾದಕ್ಕೆ ಸುರಿದಿದ್ದಾರೆ.

ಈ ವರ್ಷವನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿದೆ, ಅಣ್ಣಾ. ಆಗಸ್ಟಿನ ಒಂದೇ ಹಗ್ಗದಲ್ಲಿ ಎಡಕ್ಕೆ ಬಾಂಬಿನ ಧೂಳು ಮೆತ್ತಿಕೊಂಡು ಆಂಬುಲೆನ್ಸಿನಲ್ಲಿ ಸುಮ್ಮನೆ ಕೂತಿರುವ ಮಗು, ಬಲಕ್ಕೆ ಓಡುತ್ತ ಓಡುತ್ತಲೇ ಪಕ್ಕದವನ ಕಡೆ ತಿರುಗಿ ನಗುವ ಓಟಗಾರ. ಫ್ಯಾನು ಹಾಕಿದರೆ ಎರಡೂ ಒಂದಕ್ಕೊಂದು ತಾಕುತ್ತವೆ. ಒಂದನ್ನು ನೋಡಿದ ಕಣ್ಣಿನಿಂದ ಇನ್ನೊಂದನ್ನು ಹೇಗೆ ನೋಡಬೇಕು? ನನಗೆ ತಿಳಿಯುತ್ತಿಲ್ಲ. ಆದರೆ ನಿನ್ನ ಚಿತ್ರದ ವಿಷಯದಲ್ಲಿ ಗೊಂದಲವಿಲ್ಲ. ದುಡಿಯುವವರ ಅಳುವನ್ನು ಅಡಗಿಸಲಾಗದಿದ್ದರೆ ಅದಕ್ಕೆ ರಾಗ ಹಾಕಿಬಿಡುತ್ತಾರೆ ಎಂದು ನಾನು ಓದಿದ ಒಂದು ಕಿರುಹೊತ್ತಗೆಯಲ್ಲಿತ್ತು. ಕಣ್ಣಾರೆ ಕಂಡೆ.

‘ಅವತ್ತು ಬಾಗಿಲಲ್ಲಿದ್ದೆ’ ಎಂದು ಒಂದು ಸಾಲು ಬರೆದು ಕಳಿಸು. ಉಳಿದದ್ದು ನನಗೆ ಬಿಡು.

ನಿನ್ನ ತಂಗಿ


೧೯ ಸೆಪ್ಟೆಂಬರ್ ೨೦೧೬

ಪ್ರೀತಿಯ ಕರಪತ್ರಕ್ಕೆ,

ನೀನು ಫೋನು ಮುಟ್ಟುವುದಿಲ್ಲ ಎಂದು ಶಪಥ ಮಾಡಿರುವುದರಿಂದ ನಾನು ಅಂಚೆ ಪೆಟ್ಟಿಗೆ ಹುಡುಕಿಕೊಂಡು ಅಲೆಯುವ ಹಾಗಾಗಿದೆ. ‘ಫೋನು ಎಂದರೆ ಜೇಬಿನಲ್ಲಿ ಕೂತ ಮೇಸ್ತ್ರಿ’ ಎಂಬ ನಿನ್ನ ಮಾತನ್ನು ದೊಡ್ಡಕ್ಕನಿಗೆ ಹೇಳಿದೆ. “ನಿನ್ ತಂಗೀಗೆ ಹೇಳು, ನಮ್ಮ ಮೇಸ್ತ್ರಿ ಜೇಬಲ್ಲಿ ಹಿಡಿಸಲ್ಲ, ಹೊಟ್ಟೆ ಅಡ್ಡ ಬರುತ್ತೆ” ಎಂದರು.

ದೊಡ್ಡಕ್ಕ ಯಾರೆಂದು ನೆನಪಿದೆಯಲ್ಲ? ಹೊಲಿಗೆ ವಿಭಾಗದ ಹಿರಿಯರು, ನಮ್ಮನ್ನೆಲ್ಲ ಬಾಗಿಲಲ್ಲಿ ಕೂರಿಸಿದವರು. ಸೋತ ಮೇಲೆ ಅವರನ್ನು ಹೊಲಿಗೆಯಿಂದ ಎಬ್ಬಿಸಿ ಕಣ್ಣು ಕೂರಿಸುವ ಮೇಜಿಗೆ ಹಾಕಿದ್ದಾರೆ. ದಿನಕ್ಕೆ ಆರುನೂರು ಕರಡಿ, ಸಾವಿರದ ಇನ್ನೂರು ಕಣ್ಣು. ಅರವತ್ತರ ಹತ್ತಿರದವರಿಗೆ ಅದು ಶಿಕ್ಷೆ. ಆದರೂ ಅವರ ಕೈಯಿಂದ ಇದುವರೆಗೆ ಒಂದು ಕರಡಿಯೂ ಮೆಳ್ಳೆಗಣ್ಣಾಗಿ ಹೊರಬಿದ್ದಿಲ್ಲ.

ಇಲ್ಲಿಯ ಹೊಸ ಸುದ್ದಿ ಕೇಳು. ಜುಲೈನಿಂದ ಜನ ಫೋನು ಹಿಡಿದುಕೊಂಡು ಬೀದಿ ಬೀದಿಯಲ್ಲಿ ಕಾಣದ ಪ್ರಾಣಿ ಹಿಡಿಯುತ್ತಿದ್ದಾರಲ್ಲ, ಆ ಆಟದ ಪ್ರಾಣಿಯೊಂದು ನಮ್ಮ ಕಾರ್ಖಾನೆಯ ಬಾಗಿಲಲ್ಲೂ ಇದೆಯಂತೆ. ಪಾಳಿ ಬಿಡುವ ಹೊತ್ತಿಗೆ ಐವತ್ತು ಜನ ಬಂದು ಫೋನು ಎತ್ತಿ ನಿಲ್ಲುತ್ತಾರೆ. ದೊಡ್ಡಕ್ಕ ನೋಡಿ ನೋಡಿ, “ನಾಲ್ಕು ದಿನ ಇಲ್ಲೇ ಕೂತಿದ್ವಿ, ಒಂದು ನರಪಿಳ್ಳೆ ಬಂದು ನೋಡಲಿಲ್ಲ. ಇಲ್ಲದೇ ಇರೋ ಪ್ರಾಣಿ ನೋಡೋಕೆ ಜಾತ್ರೆ!” ಎಂದರು. ನಗು ಬಂತು. ಆಮೇಲೆ ಬರಲಿಲ್ಲ.

ಆ ಚಿತ್ರದ ವಿಷಯ. ಅದರಲ್ಲಿ ನನ್ನ ಹಿಂದೆ ಏನು ಕಾಣುತ್ತದೆ? ಗೋಡೆ ಯಾವ ಬಣ್ಣದ್ದು? ಬೇರೆ ಯಾರ ಮುಖವಾದರೂ ಗುರುತು ಹಿಡಿಯುವ ಹಾಗಿದೆಯೇ? ಸುಮ್ಮನೆ ಕೇಳಿದೆ. ಇಷ್ಟು ದೊಡ್ಡ ಲೋಕದಲ್ಲಿ, ಇಷ್ಟು ದೊಡ್ಡ ವರ್ಷದಲ್ಲಿ, ನನ್ನ ಮೂತಿಗೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತೀಯ?

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಣ್ಣ


೨೭ ಸೆಪ್ಟೆಂಬರ್ ೨೦೧೬

ಅಣ್ಣಾ,

ಗೋಡೆ ಬೂದು ಬಣ್ಣದ್ದು. ಯಾವ ಊರಿನ ಗೋಡೆಯೂ ಆಗಬಹುದು. ಮೇಲಿನ ಅಂಚಿನಲ್ಲಿ ಯಾರೋ ಎತ್ತಿ ಹಿಡಿದ ರಟ್ಟಿನ ಕೆಳತುದಿ ಮಾತ್ರ ಕಾಣುತ್ತದೆ. ನಿಮ್ಮ ಬೇಡಿಕೆಯ ಫಲಕ ಇರಬೇಕು. ಬೇರೆ ಮುಖಗಳೆಲ್ಲ ಮಸುಕು. ಯಾರಿಗೂ ತೊಂದರೆಯಾಗುವುದಿಲ್ಲ. ನಿನಗೆ ಹೆದರಿಕೆ ಎಂದು ಅರ್ಥವಾಯಿತು. ಬಾಗಿಲಲ್ಲಿ ಅಳುತ್ತಿದ್ದವನು ನೀನು ಎಂದು ಮೇಸ್ತ್ರಿಗೆ ತಿಳಿದರೆ ನಿನ್ನನ್ನೂ ಯಾವುದಾದರೂ ಮೂಲೆಯ ಮೇಜಿಗೆ ಹಾಕುತ್ತಾರೆ, ಅಲ್ಲವೇ? ಹೆದರಬೇಡ. ಹೆದರಿದವರ ಬೆನ್ನ ಮೇಲೇ ಕೋಲು ಬೀಳುವುದು.

ಇವತ್ತು ತಾರೀಖಪ್ಪನ ಮುಂದೆ ನಿಂತೆ.

“ಸರ್, ಈ ಅಡಿಬರಹ ಸುಳ್ಳು.”

“ತಾರೀಖು ಸರಿ ಇದೆಯೇನಮ್ಮ?”

“ಇದೆ.”

“ಹಾಗಾದ್ರೆ ಸುಳ್ಳು ಎಲ್ಲಿಂದ ಬಂತು?”

“ಇವರು ಹಾಡುಗಾರನಿಗೆ ಅಳ್ತಿಲ್ಲ ಸರ್. ಇವನು ನನ್ನಣ್ಣ. ಕಾರ್ಖಾನೆ ಬಾಗಿಲಲ್ಲಿ ಅಳ್ತಿದ್ದಾನೆ. ಈ ಚಿತ್ರ ಎಡಕ್ಕೆ ಬರಬೇಕು.”

ಅವರು ಕನ್ನಡಕ ಹಣೆಗೇರಿಸಿ, ಚಿತ್ರವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. “ಯಾವುದಕ್ಕೆ ಅಳೋದು ಅಂತ ಕಣ್ಣೀರ ಮೇಲೆ ಬರೆದಿರಲ್ಲ ತಾಯಿ. ಬಾಗಿಲಲ್ಲಿದ್ದೆ ಅಂತ ನಿಮ್ಮಣ್ಣ ಬರೆದು ಕೊಟ್ಟಿದಾನಾ?”

“ಕೊಡ್ತಾನೆ.”

“ಕೊಡಲಿ. ಕೊಟ್ಟ ದಿನ ಎಡಕ್ಕೆ ಹಾಕೋಣ.”

ಇಷ್ಟೇ ಅಣ್ಣಾ, ಒಂದೇ ಒಂದು ಸಾಲು ಸಾಕು. ನಿನ್ನ ಕಾಗದದಲ್ಲಿ ಕರಡಿ ಇದೆ, ಮೇಸ್ತ್ರಿಯ ಹೊಟ್ಟೆ ಇದೆ, ನನ್ನ ಊಟವೂ ಇದೆ. ನಾನು ಕೇಳಿದ್ದು ಮಾತ್ರ ಇಲ್ಲ.

ತಂಗಿ


೯ ಅಕ್ಟೋಬರ್ ೨೦೧೬

ಕರಪತ್ರಮ್ಮಾ,

ಅದನ್ನು ಬಲಪುಟದಲ್ಲೇ ಬಿಡು. ನಾನು ಕೇಳುವುದು ಇದೊಂದೇ.

ಬಾಗಿಲ ಹತ್ತಿರ ಯಾರೂ ಕ್ಯಾಮೆರಾ ತಂದ ನೆನಪು ನನಗಿಲ್ಲ. ಹಾಗೆಂದು ನನ್ನ ನೆನಪೇನು ಶಿಲಾಶಾಸನವಲ್ಲ. ಮೊನ್ನೆ ಊಟದ ಡಬ್ಬಿಯನ್ನು ಬಸ್ಸಿನಲ್ಲಿ ಬಿಟ್ಟುಬಂದೆ.

ಇಲ್ಲಿ ಎಲ್ಲ ಮೊದಲಿನ ಹಾಗೇ ಇದೆ. ದೊಡ್ಡಕ್ಕನ ಕೆಮ್ಮು ಸ್ವಲ್ಪ ಹೆಚ್ಚು.

ಅಣ್ಣ


೨೪ ಅಕ್ಟೋಬರ್ ೨೦೧೬

ಅಣ್ಣಾ,

ಆಯಿತು. ಕೆಲಸ ಮುಗಿಸಿದೆ.

ನೀನು ಬೇಡ ಎಂದೆ. ಆ ‘ಬೇಡ’ ನಿನ್ನದಲ್ಲ ಎಂದು ನನಗೆ ಗೊತ್ತು. ಹೆದರಿಸಿದವರು ನಿನ್ನ ಬಾಯಿಂದ ಆಡಿಸಿದ್ದು. ನಿನ್ನ ಪರವಾಗಿ ನೀನೇ ನಿಲ್ಲಲಾರದ ಹೊತ್ತಿಗೆ ಬೇರೆ ಯಾರಾದರೂ ನಿಲ್ಲಲೇಬೇಕಲ್ಲ.

ಹೇಗಾಯಿತು ಎಂದು ಕೇಳು, ನಗುತ್ತೀಯ. ಈ ತಿಂಗಳು ಸಾಹಿತ್ಯದ ಅತಿ ದೊಡ್ಡ ಬಹುಮಾನವನ್ನು ಒಬ್ಬ ಹಾಡುಗಾರನಿಗೆ ಕೊಟ್ಟರಲ್ಲ, ನಮ್ಮ ಕಚೇರಿ ಎರಡು ಹೋಳಾಯಿತು. ಬಹುಮಾನ ಎಂದರೆ ಎಡಪುಟ, ಹಾಡು ಎಂದರೆ ಬಲಪುಟ. ಆ ಚಿತ್ರವನ್ನು ಒಬ್ಬರು ಹಗ್ಗದ ಎಡಕ್ಕೆ ಸಿಕ್ಕಿಸಿದರೆ ಇನ್ನೊಬ್ಬರು ಬಂದು ಬಲಕ್ಕೆ ಎಳೆಯುತ್ತಾರೆ. “ಗಿಟಾರ್ ಹಿಡ್ಕೊಂಡೋನು ಲೋಕ ಹೆಂಗಾಗ್ತಾನ್ರೀ?” ಎಂದು ಒಬ್ಬ. “ಮತ್ತೇನು, ಮತಪೆಟ್ಟಿಗೆ ಹಿಡ್ಕೊಂಡೋರು ಮಾತ್ರ ಲೋಕಾನಾ?” ಎಂದು ಇನ್ನೊಬ್ಬ. ಎರಡು ದಿನ ಹೀಗೇ ನಡೆದು, ಕೊನೆಗೆ ತಾರೀಖಪ್ಪ ಚಿತ್ರವನ್ನು ಎರಡು ಪುಟದ ನಡುವಿನ ಮಡಿಕೆಯ ಮೇಲೆ ಹಾಕಿಸಿದರು. ಪಾಪ, ಹೊಲಿಗೆ ಸರಿಯಾಗಿ ಮೂಗಿನ ಮೇಲೆ ಬರುತ್ತದೆ.

ಎಲ್ಲರೂ ಕೂಗಾಡುತ್ತಿದ್ದಾಗಲೇ ನಾನು ಅವರ ಮುಂದೆ ಒಂದು ಚೀಟಿ ಇಟ್ಟೆ. ‘ಜೂನ್ ಇಪ್ಪತ್ತಮೂರರಂದು ನಾನು ಕಾರ್ಖಾನೆಯ ಬಾಗಿಲಲ್ಲಿದ್ದೆ.’ ಕೆಳಗೆ ನಿನ್ನ ರುಜು. ಬರೆದದ್ದು ನಾನೇ. ಕೋಪ ಮಾಡಿಕೊಳ್ಳಬೇಡ. ನಡೆದದ್ದನ್ನೇ ಬರೆದೆ, ಯಾರ ಕೈ ಬರೆದರೇನು, ಮಾತು ನಿಜವಾಗಿದ್ದರೆ ಸಾಕು. ಅವರು ಚೀಟಿಯನ್ನೂ ನನ್ನನ್ನೂ ಒಂದು ಸಲ ನೋಡಿ, “ಹಾಕಮ್ಮ ಎಡಕ್ಕೆ” ಎಂದರು.

ಆ ವಾರದ ಎಡಪುಟದಲ್ಲಿ ಒಂದು ದ್ವೀಪದ ಜನ ನೆರೆಯವರ ಒಕ್ಕೂಟ ಬಿಡಬೇಕೋ ಬೇಡವೋ ಎಂದು ಮತ ಹಾಕುವ ಚಿತ್ರವಿತ್ತು. ಅದೂ ಜೂನ್ ಇಪ್ಪತ್ತಮೂರೇ! ಅದನ್ನು ಚಿಕ್ಕದು ಮಾಡಿ ನಿನ್ನನ್ನು ದೊಡ್ಡದು ಮಾಡಿದೆ. ಅಡಿಬರಹ: ‘ಗಾಳಿಗಾಗಿ ಕೂತವರು. ಮೂರು ಕೈಗಳಿಂದ ಸೋತ ಬೊಂಬೆ ಕಾರ್ಖಾನೆಯ ಕಾರ್ಮಿಕರು.’ ಬಲಪುಟದಲ್ಲಿ ಖಾಲಿಯಾದ ಜಾಗಕ್ಕೆ ಒಂದು ಕಾಲ್ಚೆಂಡು ಹಾಕಿದೆ.

ಮೊದಲ ಸಲ ಈ ಕೋಣೆಯಲ್ಲಿ ಒಂದು ನಿಜವಾದ ಕೆಲಸ ಮಾಡಿದೆ ಅನ್ನಿಸಿತು.

ನಿನ್ನ ತಂಗಿ


೨೨ ನವೆಂಬರ್ ೨೦೧೬

ಅಣ್ಣಾ,

ನಾಲ್ಕು ವಾರವಾಯಿತು, ಕಾಗದವಿಲ್ಲ. ನನಗೆ ಬೈದಾದರೂ ಬರಿ. ಹುಷಾರಾಗಿದ್ದೀಯ ತಾನೇ?

ಇಲ್ಲಿ ಎಲ್ಲರ ತಲೆಯೂ ಅಲ್ಲೋಲಕಲ್ಲೋಲ. ನವೆಂಬರ್ ಎಂಟರ ಆ ದೊಡ್ಡ ಚುನಾವಣೆಗೆ ನಾವು ಮೊದಲೇ ಒಂದು ಅಡಿಬರಹ ಸಿದ್ಧ ಮಾಡಿಟ್ಟಿದ್ದೆವು, ಗೆಲ್ಲುವವರು ಯಾರೆಂದು ಎಲ್ಲ ಲೆಕ್ಕಗಳೂ ಹೇಳಿದ್ದವಲ್ಲ, ಹಾಗೆ. ತಾರೀಖಪ್ಪನ ಹಟಕ್ಕೆ ಇನ್ನೊಂದು ಅಡಿಬರಹವನ್ನೂ ಕಾಟಾಚಾರಕ್ಕೆ ಬರೆದಿದ್ದೆ. ಅದೇ ಅಚ್ಚಿಗೆ ಹೋಯಿತು. ಮಾರ್ಚಿನಲ್ಲಿ ಯಂತ್ರವೊಂದು ಕಲ್ಲುಗಳ ಆಟದಲ್ಲಿ ಮಹಾಪಂಡಿತನನ್ನು ಸೋಲಿಸಿದಾಗಲೂ ಹೀಗೇ, ಬರೆದಿಟ್ಟದ್ದು ಒಂದು, ಆದದ್ದು ಇನ್ನೊಂದು. ಈ ವರ್ಷ ಯಾರು ಏನೇ ಗಟ್ಟಿಯಾಗಿ ಹೇಳಿದರೂ ಅದರ ತಿರುಗುಮುರುಗು ನಡೆಯುತ್ತಿದೆ. ಗಟ್ಟಿಯಾಗಿ ಹೇಳುವುದಕ್ಕೇ ಭಯವಾಗುತ್ತದೆ. ನನಗೂ.

ಪುಸ್ತಕ ಅಚ್ಚಾಗುತ್ತಿದೆ. ಡಿಸೆಂಬರಿನ ವಾರಗಳು ಇನ್ನೂ ನಡೆದಿಲ್ಲವಾದ್ದರಿಂದ ಆ ಪುಟಗಳಲ್ಲಿ ಖಾಲಿ ಚೌಕ ಬಿಡುತ್ತೇವೆ. ಕೊಂಡವರು ತಮ್ಮ ಚಿತ್ರ ತಾವೇ ಅಂಟಿಸಿಕೊಳ್ಳಬೇಕು. ನಿನಗೊಂದು ಪ್ರತಿ ಕಳಿಸುತ್ತೇನೆ. ದೊಡ್ಡಕ್ಕನ ಹೆಸರಿಗೆ ಕಾರ್ಖಾನೆಗೇ ಇನ್ನೊಂದು. ಅವರು ನೋಡಬೇಕು. ನಾಲ್ಕು ದಿನ ಕೂತಾಗ ಯಾರೂ ನೋಡಲಿಲ್ಲ ಎಂದರಲ್ಲ, ನೋಡಿದವರಿದ್ದಾರೆ ಎಂದು ಅವರಿಗೆ ತಿಳಿಯಬೇಕು.

ತಂಗಿ


೧೨ ಡಿಸೆಂಬರ್ ೨೦೧೬

ಪುಟ್ಟೀ,

ಈ ಕಾಗದವನ್ನು ಅಕ್ಟೋಬರಿನಿಂದ ನಾಲ್ಕು ಸಲ ಬರೆದೆ. ನಾಲ್ಕೂ ನನ್ನ ಕೋಟಿನ ಜೇಬಿನಲ್ಲಿವೆ. ಇದನ್ನು ಅಂಚೆ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಬರೆಯುತ್ತಿದ್ದೇನೆ.

ಅಡಿಬರಹ ಮೊದಲು ಇದ್ದದ್ದೇ ಸರಿ. ನಾನು ಬಾಗಿಲಲ್ಲಿ ಇರಲಿಲ್ಲ.

ಜೂನ್ ಇಪ್ಪತ್ತಮೂರರ ಮಧ್ಯಾಹ್ನ ಮೂರು ಗಂಟೆಗೆ ಕೈ ಎತ್ತಬೇಕಾಗಿತ್ತು. ಒಂದು ಗಂಟೆಯ ಹೊತ್ತಿಗೆ ಆ ಗೊಗ್ಗರು ದನಿಯ ಹಾಡುಗಾರ ತೀರಿಕೊಂಡ ಸುದ್ದಿ ಬಂತು, ಹಳೆಯ ಚಿತ್ರಮಂದಿರದ ಮುಂದೆ ಜನ ಸೇರುತ್ತಿದ್ದಾರೆ ಎಂದರು. ಅರ್ಧ ಗಂಟೆಯಲ್ಲಿ ಬಂದುಬಿಡೋಣ ಅನ್ನಿಸಿತು. ದೊಡ್ಡಕ್ಕನ ಹತ್ತಿರ ಹೋಗಿ, “ತಂಗೀಗೆ ಹುಷಾರಿಲ್ಲ, ಬಸ್ಸಿನವರ ಕೈಲಿ ಔಷಧ ಕಳಿಸಿ ಬರ್ತೀನಿ” ಎಂದೆ. ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದೆ. “ಹೋಗಪ್ಪ, ತಂಗಿ ಮೊದಲು” ಎಂದರು ಅವರು.

ಅಲ್ಲಿ ಎಲ್ಲರೂ ಹಾಡುತ್ತಿದ್ದರು. ನೀನು ಮಂಚದ ಮೇಲೆ ಹತ್ತಿ ಕುಣಿಯುತ್ತಿದ್ದೆಯಲ್ಲ, ಕ್ಯಾಸೆಟ್ಟಿನ ಸುರುಳಿ ಸಿಕ್ಕಿಕೊಂಡಾಗ ಪೆನ್ಸಿಲಿನಿಂದ ನಾನು ಸುತ್ತಿ ಕೊಡುವವರೆಗೂ ರಚ್ಚೆ ಹಿಡಿಯುತ್ತಿದ್ದೆಯಲ್ಲ, ಆ ಹಾಡು. ರಟ್ಟಿನ ಮೇಲೆ ಇದ್ದದ್ದು ಬೇಡಿಕೆಯಲ್ಲ, ಅವನ ಮುಖ. ನಾನು ಬಾಯಿಬಿಟ್ಟು ಅತ್ತೆ. ಯಾಕೆ ಎಂದು ಇವತ್ತಿಗೂ ತಿಳಿಯದು. ಅವನಿಗೋ, ನಮ್ಮ ಆ ಮನೆಗೋ, ನಾಲ್ಕು ದಿನದ ಭಯಕ್ಕೋ. ದುಃಖಕ್ಕೆ ಹೋದೆನೋ ಹೆದರಿ ಹೋದೆನೋ, ಅದೂ ಗೊತ್ತಿಲ್ಲ. ತಿರುಗಿ ಬಂದಾಗ ನಾಲ್ಕೂವರೆ. ಬಾಗಿಲ ಮುಂದೆ ಯಾರೂ ಇರಲಿಲ್ಲ, ಕೂರಲು ನೆಲಕ್ಕೆ ಹಾಸಿದ್ದ ಗೋಣಿಚೀಲಗಳು ಮಾತ್ರ ಇದ್ದವು. ಮೂರು ಕೈ ಕಡಿಮೆಯಾಯಿತು. ನಾನು ಇದ್ದಿದ್ದರೂ ಎರಡು ಕಡಿಮೆ. ಈ ಲೆಕ್ಕವನ್ನು ನಾನು ದಿನಾ ಬೆಳಿಗ್ಗೆ ಮಾಡುತ್ತೇನೆ, ದಿನಾ ಎರಡೇ ಉಳಿಯುತ್ತದೆ, ದಿನಾ ಸಮಾಧಾನವಾಗುವುದಿಲ್ಲ.

ಕಳೆದ ವಾರ ನಿನ್ನ ಪುಸ್ತಕ ಬಂತು. ಆ ಪುಟ ಕತ್ತರಿಸಿ ಊಟದ ಕೋಣೆಯ ಗೋಡೆಗೆ ಅಂಟಿಸಿದ್ದಾರೆ. ಜೂನ್‌ನಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಪ್ಯಾಕಿಂಗಿನವನು ಬಂದು, “ತಪ್ಪಾಯ್ತು ಗುರೂ, ನೀನು ಕೈಕೊಟ್ಟು ಹೋದೆ ಅಂದ್ಕೊಂಡಿದ್ದೆ” ಎಂದು ಟೀ ತಂದುಕೊಟ್ಟ. ಕುಡಿದೆ. ಅದನ್ನೂ ಹೇಳಿಬಿಡುತ್ತೇನೆ, ರುಚಿಯಾಗಿತ್ತು.

ಆದರೆ ದೊಡ್ಡಕ್ಕ ಆ ಪುಟದ ಮುಂದೆ ಬಹಳ ಹೊತ್ತು ನಿಂತಿದ್ದರು.

“ಬಾಪ್ಪ ಇಲ್ಲಿ. ಅವತ್ತು ನೀನು ತಂಗೀಗೆ ಹುಷಾರಿಲ್ಲ ಅಂತ ಹೋದೆ ಅಂತ ನನ್ನ ತಲೇಲಿತ್ತು.”

“ದೊಡ್ಡಕ್ಕ, ಅದು…”

“ಕೈ ಎಣಿಸಿದ್ದು ನಾನು. ನಿನ್ನ ಕೈ ಎಣಿಸೇ ಇಲ್ಲ. ಇಲ್ಲಿ ನೋಡಿದ್ರೆ ಮುಂದಿನ ಸಾಲಲ್ಲೇ ಇದೀಯ.”

“ಪುಸ್ತಕದಲ್ಲೂ ತಪ್ಪಿರುತ್ತೆ ದೊಡ್ಡಕ್ಕ.”

“ಅಚ್ಚು ಹಾಕಿದ್ದು ಸುಳ್ಳಾಗುತ್ತೇನೋ? ನನ್ನ ಕಣ್ಣೇ ಹೋಗಿದೆ. ಎದುರಿಗೆ ನಿಂತು ಅಳೋ ಗಂಡಸು ಕಾಣಲಿಲ್ಲ ಅಂದ್ರೆ ಇನ್ನೆಷ್ಟು ಕೈ ಬಿಟ್ಟಿದೀನೋ! ಮೂರೇ ಮೂರು ಕಮ್ಮಿ ಇದ್ದದ್ದು. ನಾನೇ ತಪ್ಪು ಎಣಿಸಿ ನಿಮ್ಮನ್ನೆಲ್ಲ ಎಬ್ಬಿಸಿದೆ.”

ಆಮೇಲೆ ಅವರು ಕಣ್ಣಿನ ಮೇಜಿಗೆ ಹೋಗಿ, ಕೂರಿಸಿಟ್ಟ ಕರಡಿಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡತೊಡಗಿದರು. ಎಲ್ಲವೂ ಸರಿಯಾಗಿಯೇ ಇದ್ದವು. ಆದರೂ ನೋಡುತ್ತಲೇ ಇದ್ದರು.

ಅಣ್ಣ


೧೮ ಡಿಸೆಂಬರ್ ೨೦೧೬

ಅಣ್ಣಾ,

ನಾನು ಮೂರು ಕಾಗದ ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ದ್ರೋಹಿ ಎಂದಿದ್ದೆ. ಎರಡನೆಯದರಲ್ಲಿ ನನ್ನನ್ನು. ಮೂರನೆಯದರಲ್ಲಿ ವ್ಯವಸ್ಥೆಯನ್ನು ಬೈದಿದ್ದೆ. ಅರ್ಧ ಪುಟ ಬರೆದ ಮೇಲೆ, ಆ ಚೀಟಿಗೆ ನಿನ್ನ ರುಜು ಹಾಕಿದ ವ್ಯವಸ್ಥೆ ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ಪೆನ್ನು ಕೆಳಗಿಟ್ಟೆ.

ಏನೂ ಅರ್ಥವಾಗುತ್ತಿಲ್ಲ. ನೀನು ಒಂದು ಸಾಲು ಬರೆದಿದ್ದರೆ ಸಾಕಿತ್ತು, ‘ಇರಲಿಲ್ಲ’ ಎಂದು. ನೀನು ‘ಬಲಪುಟದಲ್ಲೇ ಬಿಡು’ ಎಂದೆ. ಅದು ಅದೇ ಸಾಲು ಎಂದು ಈಗ ಗೊತ್ತಾಗುತ್ತಿದೆ. ಆದರೆ ನಾನು ನಿನ್ನ ಕಾಗದವನ್ನು ಓದುತ್ತಿರಲಿಲ್ಲ, ನನ್ನ ಕಿರುಹೊತ್ತಗೆಗಳನ್ನೇ ನಿನ್ನ ಅಕ್ಷರದಲ್ಲಿ ಓದುತ್ತಿದ್ದೆ. ನನ್ನ ಅಣ್ಣ ಹಾಡಿಗೆ ಅಳುವವನಲ್ಲ ಎಂದು ನಾನು ಯಾವಾಗ ತೀರ್ಮಾನಿಸಿದೆ? ನಿನ್ನನ್ನು ಕೇಳಿದ್ದೆನೇ?

ಆ ಹಾಡುಗಾರನ ಹಳೆಯ ಚಿತ್ರಗಳನ್ನು ತೆಗೆದುಕೊಡಲು ಜೂನ್‌ನಲ್ಲಿ ನನಗೇ ಹೇಳಿದ್ದರು. ಹದಿನಾರು ಕೊಟ್ಟೆ. ಹದಿನೇಳಿದ್ದವು. ಒಂದು ನನ್ನ ಕಿರುಹೊತ್ತಗೆಯ ನಡುವೆ ಇದೆ, ಸಾಮಾನ್ಯ ಜನರ ಮರುಳುತನದ ಬಗ್ಗೆ ಬರೆದ ಪುಟದಲ್ಲಿ. ಇದನ್ನು ಯಾಕೆ ಬರೆಯುತ್ತಿದ್ದೇನೋ.

ದೊಡ್ಡಕ್ಕನಿಗೆ ಹೇಳಿದೆಯಾ? ಮೊದಲು ಹೇಳು.

ತಂಗಿ


೨೨ ಡಿಸೆಂಬರ್ ೨೦೧೬

ಪುಟ್ಟೀ,

ಎರಡು ಸಲ ಹೋದೆ. ಮೊದಲ ಸಲ ಬಾಯಿ ಬರಲಿಲ್ಲ. ಎರಡನೆಯ ಸಲ ಹೇಳಿಯೇ ಹೇಳಿದೆ, “ನಾನು ಅವತ್ತು ಇರಲಿಲ್ಲ ದೊಡ್ಡಕ್ಕ” ಎಂದು. ಅವರು ನನ್ನ ಕೆನ್ನೆ ತಟ್ಟಿ, “ಮುದುಕಿಯ ಮನಸ್ಸಿಗೆ ನೋವಾಗಬಾರದು ಅಂತ ಸುಳ್ಳು ಹೇಳ್ತೀಯೇನೋ?” ಎಂದರು. ನಿಜ ಹೇಳಿದ್ದಕ್ಕೆ ನನಗೆ ಒಳ್ಳೆಯವನು ಎಂದು ಹೆಸರು ಬಂತು. ಇನ್ನು ಯಾವ ಬಾಯಲ್ಲಿ ಹೇಳಲಿ?

ಕೆಲಸ ಬಿಡುವ ಕಾಗದ ಬರೆದಿಟ್ಟುಕೊಂಡಿದ್ದಾರೆ. ಕಣ್ಣು ಮಂದವಾಗಿದೆ ಎಂದು ಅವರೇ ಬರೆದಿದ್ದಾರೆ, ಯಾವ ವೈದ್ಯರೂ ಹೇಳಿಲ್ಲ. ಮೂವತ್ತೊಂದನೆಯ ತಾರೀಖು ಶನಿವಾರ, ವರ್ಷದ ಕೊನೆಯ ಪಾಳಿ. ಮಧ್ಯಾಹ್ನ ಹನ್ನೆರಡಕ್ಕೆ ಬಿಡುತ್ತದೆ. ಆಗ ಆಫೀಸಿಗೆ ಕೊಡುತ್ತಾರಂತೆ. ಅವರು ಹೋದರೆ ಕಿಟಕಿಯ ಮಾತು ಎತ್ತುವವರು ಇಲ್ಲಿ ಇನ್ನು ಯಾರೂ ಇಲ್ಲ.

ಅವರು ಅಚ್ಚಾದದ್ದನ್ನು ಮಾತ್ರ ನಂಬುತ್ತಾರೆ. ಏನು ಮಾಡುವುದೋ ನನಗೆ ತೋಚುತ್ತಿಲ್ಲ.

ಅಣ್ಣ


೨೬ ಡಿಸೆಂಬರ್ ೨೦೧೬

ಅಣ್ಣಾ,

ತಾರೀಖಪ್ಪನ ಮುಂದೆ ಮತ್ತೆ ನಿಂತೆ.

“ಸರ್, ಆ ಚೀಟಿ ನನ್ನಣ್ಣ ಬರೆದದ್ದಲ್ಲ. ನಾನು ಬರೆದದ್ದು.”

“ಗೊತ್ತಿತ್ತು. ಹತ್ತು ತಿಂಗಳಿಂದ ನಿನ್ನ ಕೈಬರಹಾನೇ ತಾನೇ ಓದ್ತಿರೋದು.”

“ಮತ್ತೆ ಯಾಕೆ ಸರ್ ಬಿಟ್ರಿ?”

“ತಾರೀಖು ಸರಿ ಇತ್ತಲ್ಲಮ್ಮ.” ಕನ್ನಡಕ ತೆಗೆದು ಒರೆಸಿದರು. “ಅದಲ್ಲ. ಹೋದ ಸಲ ನಿನ್ನ ಹತ್ತಿರ ರುಜುವಾತು ಕೇಳಿದ್ದೆ. ನಿನ್ನ ಮುಖ ನೋಡಿ ಅದನ್ನ ಬಿಟ್ಟುಕೊಟ್ಟೆ. ತಪ್ಪು ನನ್ನದೂ ಇದೆ. ಬರಿ, ತಿದ್ದುಪಡಿಯ ಚೀಟಿ ಹಾಕಿಸೋಣ.”

ಆಮೇಲೆ, ನನ್ನನ್ನು ಸಮಾಧಾನ ಮಾಡಲೋ ಏನೋ, ಈ ವರ್ಷ ಲೋಕದ ಗಡಿಯಾರಗಳಿಗೆ ಕೊನೆಯ ದಿನ ಒಂದು ಸೆಕೆಂಡು ಹೆಚ್ಚು ಸೇರಿಸುತ್ತಾರೆ ಎಂದು ಹೇಳಿದರು. ಇಷ್ಟು ಉದ್ದದ ವರ್ಷಕ್ಕೆ ಇನ್ನೂ ಒಂದು ಸೆಕೆಂಡು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾಳೆಯಿಂದ ನಾನು ಚಿತ್ರಕೋಣೆಯಲ್ಲಿ ಇರುವುದಿಲ್ಲ. ಬೈಂಡಿಂಗ್ ಮೇಜಿನಲ್ಲಿ ಕೂತು, ಮಾರಾಟವಾಗದೆ ಉಳಿದ ಪ್ರತಿಗಳಿಗೆಲ್ಲ ಆ ಚೀಟಿ ಅಂಟಿಸಬೇಕು. ಸರಿಯಾದ ಶಿಕ್ಷೆ. ಚೀಟಿಯ ಒಂದು ಪ್ರತಿ ಇಲ್ಲಿಟ್ಟಿದ್ದೇನೆ, ಓದು:

‘ತಪ್ಪು ಒಪ್ಪು: ಇಪ್ಪತ್ತೈದನೆಯ ವಾರದ ಎಡಪುಟದ ಚಿತ್ರದಲ್ಲಿರುವವರು ಅಂದು ಕಾರ್ಖಾನೆಯ ಬಾಗಿಲಲ್ಲಿ ಇರಲಿಲ್ಲ. ಅವರು ಒಬ್ಬ ಹಾಡುಗಾರನಿಗಾಗಿ ಅಳುತ್ತಿದ್ದಾರೆ. ಬಾಗಿಲಲ್ಲಿ ನಾಲ್ಕು ದಿನ ಕೂತಿದ್ದವರ ಚಿತ್ರ ನಮ್ಮಲ್ಲಿ ಇಲ್ಲ. ಅಂದು ಕೈಗಳನ್ನು ಎಣಿಸಿದವರು ಸರಿಯಾಗಿಯೇ ಎಣಿಸಿದ್ದರು.’

ಕೊನೆಯ ಸಾಲು ಪುಸ್ತಕದ ಓದುಗರಿಗೆ ಅರ್ಥವಾಗುವುದಿಲ್ಲ ಎಂದು ತಾರೀಖಪ್ಪ ಹೇಳಿದರು. ಅದು ಒಬ್ಬರಿಗೆ ಅರ್ಥವಾದರೆ ಸಾಕು ಎಂದೆ. ಆ ಸಾಲನ್ನು ಹೊಡೆದುಹಾಕಲಿಲ್ಲ, ಬಿಟ್ಟರು.

ಮೂರನೆಯ ಸಾಲನ್ನು ನಾನು ಬರೆದ ಮೇಲೆ ಹಗ್ಗಗಳ ಕೆಳಗೆ ಒಂದು ಸುತ್ತು ಹೋಗಿ ಬಂದೆ. ಒಂದು ವರ್ಷದ ಎಷ್ಟು ಚಿತ್ರ, ಅಣ್ಣಾ! ನಿಮ್ಮ ಬಾಗಿಲು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮೊದಲು ಕಳ್ಳತನ ಎಂದು ಕೂಗಿದೆನಲ್ಲ, ಅದನ್ನು ಇಲ್ಲಿ ಕೂಗಬೇಕಿತ್ತು. ಆ ಖಾಲಿ ಜಾಗವನ್ನು ನಿನ್ನ ಅಳು ತಂದು ಮುಚ್ಚಿಬಿಟ್ಟೆ. ನಿನ್ನ ಅಳುವಿಗೆ ಎಡಪುಟ ಸಿಗಬೇಕೋ ಬಲಪುಟ ಸಿಗಬೇಕೋ, ಅದು ನನಗೆ ಇನ್ನೂ ಬಗೆಹರಿದಿಲ್ಲ. ಆ ಜಗಳ ಆಮೇಲೆ ಆಡೋಣ.

ಅಂಚೆಯನ್ನು ನಂಬಿ ಕೂರುವುದಿಲ್ಲ, ನಾನೇ ಬರುತ್ತೇನೆ. ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ. ಅಂಟಿನ ಡಬ್ಬಿ, ಚೀಟಿ, ಕಾರ್ಖಾನೆಯ ಗೋಡೆಗೆ ಅಂಟಿಸಲು ದೊಡ್ಡ ಅಕ್ಷರದ ಇನ್ನೊಂದು ಚೀಟಿ ನನ್ನ ಹತ್ತಿರ ಇರುತ್ತವೆ. ನಾನು ಬರೆದದ್ದನ್ನು ನಾನು ಹೇಳುತ್ತೇನೆ, ನೀನು ಇರಲಿಲ್ಲ ಎಂಬುದನ್ನು ನೀನು ಹೇಳು. ನಾನು ಜೂನ್‌ನಲ್ಲಿ ಹುಷಾರಾಗಿಯೇ ಇದ್ದೆ ಎಂಬುದಕ್ಕೆ ನಾನೇ ಸಾಕ್ಷಿ. ನೀನು ಆ ಕೋಟನ್ನೇ ಹಾಕಿಕೊಂಡು ಬಾ. ಚಿತ್ರದಲ್ಲಿರುವವನು ನೀನೇ ಎಂದು ಅವರು ಮೂರನೆಯ ಗುಂಡಿಯನ್ನು ತಮ್ಮ ಕಣ್ಣಿನಿಂದಲೇ ನೋಡಿ ಹೇಳಲಿ, ಕಣ್ಣು ಸರಿ ಇದೆ ಎಂದು ಅವರಿಗೇ ತಿಳಿಯುತ್ತದೆ. ಮಧ್ಯಾಹ್ನ ಹನ್ನೆರಡರ ಒಳಗೆ ಮುಗಿಯಬೇಕು. ಪಾಳಿಯ ನಡುವೆ ಟೀಗೆ ಬಿಡುವುದು ಹತ್ತಕ್ಕೆ ತಾನೇ? ದೊಡ್ಡಕ್ಕನನ್ನು ಹೊರಗೆ ಕರೆದುಕೊಂಡು ಬಾ.

ಡಿಸೆಂಬರ್ ಮೂವತ್ತೊಂದು, ಶನಿವಾರ, ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆ, ದೊಡ್ಡ ಬಾಗಿಲ ಮುಂದೆ, ನೀವು ಕೂತಿದ್ದ ಜಾಗದಲ್ಲಿ.

ನಿನ್ನ ತಂಗಿ